ಫಿಸಿಯೋಥೆರಪಿನಾ, ಇಂಜೆಕ್ಷನ್ನಾ, ಆಪರೇಷನ್ನಾ? ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆ

ಮಂಡಿ ನೋವು, ಸೊಂಟ ನೋವು, ಭುಜ ಎತ್ತೋಕಾಗಲ್ಲ ಅಂತ ಡಾಕ್ಟರ ಹತ್ತಿರ ಹೋದರೆ, ಚೀಟಿಯಲ್ಲಿ ಮಾತ್ರೆಗಳೆಲ್ಲ ಬರೆದಾದ ಮೇಲೆ ಕೊನೆಗೆ "ಫಿಸಿಯೋಥೆರಪಿ" ಅಂತ ಒಂದು ಸಾಲು ಇರುತ್ತದೆ. ಮಾತ್ರೆಯನ್ನು ಎಲ್ಲರೂ ತಗೊಳ್ಳುತ್ತಾರೆ. ಆ ಕೊನೆಯ ಸಾಲನ್ನು ಬಹಳ ಜನ ಬಿಟ್ಟೇಬಿಡುತ್ತಾರೆ, ಇಲ್ಲವೇ ನಾಲ್ಕು ದಿನ ಹೋಗಿ ಕರೆಂಟ್ ಕೊಡಿಸಿಕೊಂಡು ಬಂದು "ಅದರಿಂದ ಏನೂ ಆಗಲಿಲ್ಲ" ಅನ್ನುತ್ತಾರೆ. ಆಮೇಲೆ ಇಂಜೆಕ್ಷನ್ ಮಾತು, ಅದಾದ ಮೇಲೆ ಆಪರೇಷನ್ ಮಾತು.

ಇವುಗಳಲ್ಲಿ ಯಾವುದು "ಒಳ್ಳೇದು" ಅಂತ ಕೇಳಿದರೆ ಉತ್ತರ ಸಿಗಲ್ಲ. ಕೇಳಬೇಕಾದದ್ದು ಬೇರೆ. ಇದನ್ನು ಮೊದಲು ಮಾಡಿ ನೋಡಿದರೆ ನಾನು ಏನು ಕಳೆದುಕೊಳ್ಳುತ್ತೀನಿ? ಇದನ್ನು ಮೂರು ತಿಂಗಳು ಮುಂದಕ್ಕೆ ಹಾಕಿದರೆ ಏನು ಕಳೆದುಕೊಳ್ಳುತ್ತೀನಿ? ಈ ಎರಡು ಪ್ರಶ್ನೆಗೆ ನಿಮ್ಮ ಡಾಕ್ಟರಿಂದ ನೇರ ಉತ್ತರ ಪಡೆದರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಕೆಲವು ತೊಂದರೆಗಳಲ್ಲಿ ಫಿಸಿಯೋಥೆರಪಿಯನ್ನು ಮೊದಲು ಮಾಡಿದರೆ ಕಳೆದುಕೊಳ್ಳೋದು ಏನೂ ಇಲ್ಲ. ಇನ್ನು ಕೆಲವದರಲ್ಲಿ ಒಂದು ದಿನ ಕಾದರೂ ಕಷ್ಟ. ಯಾವುದು ಯಾವುದು ಅಂತ ನೋಡೋಣ.

ಮೊದಲು, ಅಲ್ಲಿ ನಡೆಯೋದೇನು

ಫಿಸಿಯೋಥೆರಪಿ ಅಂದ ತಕ್ಷಣ ಜನರ ಕಣ್ಣಿಗೆ ಬರೋದು ಮಷಿನ್. ವೈರು, ಪ್ಯಾಡು, ಬಿಸಿ ಪ್ಯಾಕು. ನನ್ನ ಪ್ರಕಾರ ಈ ಚಿತ್ರದಿಂದಲೇ ಅರ್ಧ ಜನ ಹಾದಿ ತಪ್ಪುತ್ತಾರೆ. ನಿಜವಾದ ಕೆಲಸ ಶುರುವಾಗೋದು ಪರೀಕ್ಷೆಯಿಂದ: ನೀವು ಹೇಗೆ ನಡೀತೀರಿ, ಕುರ್ಚಿಯಿಂದ ಹೇಗೆ ಏಳ್ತೀರಿ, ಕೈ ಎಲ್ಲಿಯವರೆಗೆ ಹೋಗುತ್ತದೆ, ಯಾವ ಹಂತದಲ್ಲಿ ನೋವು ಶುರುವಾಗುತ್ತದೆ, ಯಾವ ಸ್ನಾಯು ಸೋತಿದೆ. ಎರಡು ಕಡ್ಡಿ ಸೇರಿಸಿದಂತಿರುವ ಒಂದು ಅಳತೆಪಟ್ಟಿಯಿಂದ ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಅಂತ ಅಳೆದು ಬರೆದುಕೊಳ್ಳುತ್ತಾರೆ. ಆ ಡಿಗ್ರಿ ಸುಮ್ನೆ ಅಲ್ಲ. ಸಮತಟ್ಟಾದ ಜಾಗದಲ್ಲಿ ನಡೆಯೋಕೆ ಮಂಡಿ ಸುಮಾರು 65 ಡಿಗ್ರಿ ಮಡಚಿದರೆ ಸಾಕು, ಮೆಟ್ಟಿಲಿಗೆ 90ರ ಹತ್ತಿರ ಬೇಕು, ತಗ್ಗಾದ ಕುರ್ಚಿಯಿಂದ ಏಳೋಕೆ ಅದಕ್ಕಿಂತ ಜಾಸ್ತಿ ಬೇಕು. ಹಾಗಾಗಿ "80 ಡಿಗ್ರಿ" ಅಂತ ಬರೆದಿದ್ದರೆ ಏನಾಗುತ್ತೆ, ಏನಾಗಲ್ಲ ಅಂತ ಫಿಸಿಯೋಗೆ ನೋಡಿದ ಕೂಡಲೇ ಗೊತ್ತಾಗುತ್ತದೆ.

ಆಮೇಲೆ ವ್ಯಾಯಾಮ. ನೋವಿರುವ ಕೀಲನ್ನು ನಾವು ಬಳಸೋದು ಕಮ್ಮಿ ಮಾಡ್ತೀವಿ, ಬಳಸದ ಸ್ನಾಯು ಕೆಲವೇ ದಿನಗಳಲ್ಲಿ ಕರಗೋಕೆ ಶುರುವಾಗುತ್ತದೆ, ಸ್ನಾಯು ಕರಗಿದ ಕೀಲಿನ ಮೇಲೆ ಭಾರ ಇನ್ನೂ ಜಾಸ್ತಿ ಬೀಳುತ್ತದೆ, ಅದರಿಂದ ನೋವು ಇನ್ನೂ ಜಾಸ್ತಿ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕಲ್ವಾ? ಸ್ನಾಯುವಿಗೆ, ಮೂಳೆಗೆ, ಇವೆರಡನ್ನೂ ಕಟ್ಟುವ ಸ್ನಾಯುರಜ್ಜುವಿಗೆ ತಾಳುವಷ್ಟೇ ಭಾರ ಕೊಟ್ಟು, ಅದು ಹೊಂದಿಕೊಂಡ ಮೇಲೆ ಇನ್ನಷ್ಟು ಕೊಡುತ್ತಾ ಹೋಗೋದೇ ಆ ಮುರಿಯುವ ಕೆಲಸ.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಮಂಡಿ ಬದಲಾವಣೆಯ ಆಪರೇಷನ್ ಆದ ಮರುದಿನ ಕೊಡುವ ವ್ಯಾಯಾಮ ನೋಡೋಕೆ ಏನೂ ಅಲ್ಲ ಅನ್ನಿಸುತ್ತದೆ. ಕಾಲು ಚಾಚಿ ಕೂತು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮಂಡಿಯ ಹಿಂಭಾಗದಿಂದ ಅದನ್ನು ಹಾಸಿಗೆಗೆ ಒತ್ತಬೇಕು. ಮಂಡಿಚಿಪ್ಪು ತೊಡೆಯ ಕಡೆಗೆ ಸರಿಯಬೇಕು. ಐದು ಎಣಿಸಿ ಬಿಡಬೇಕು. ಅಷ್ಟೇ. ಆದರೆ ಬಹಳ ಜನಕ್ಕೆ ಅದು ಆಗಲ್ಲ. ಒತ್ತುತ್ತಿದ್ದೀನಿ ಅಂತಾರೆ, ಹಲ್ಲು ಕಚ್ಚಿರುತ್ತಾರೆ, ಸೊಂಟ ಮೇಲೆದ್ದಿರುತ್ತದೆ, ತೊಡೆ ಮಾತ್ರ ಮೆತ್ತಗೇ ಇರುತ್ತದೆ. ಕಾರಣ ಸೋಮಾರಿತನ ಅಲ್ಲ. ಕೀಲಿನೊಳಗೆ ಊತ ಇದ್ದರೆ ನರಗಳು ತೊಡೆಯ ಮುಂಭಾಗದ ಸ್ನಾಯುವನ್ನು ತಾವಾಗೇ ತಡೆದಿಡುತ್ತವೆ. ಈ ಆಪರೇಷನ್ ಆದ ಮೊದಲ ತಿಂಗಳಲ್ಲಿ ಆ ಸ್ನಾಯುವಿನ ಬಲ ಅರ್ಧಕ್ಕೆ, ಕೆಲವರಲ್ಲಿ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಆಗ ಫಿಸಿಯೋ ಮೊದಲು ಚೆನ್ನಾಗಿರುವ ಕಾಲಲ್ಲಿ ಮಾಡಿಸಿ ತೋರಿಸುತ್ತಾರೆ, ಆಮೇಲೆ ಈ ಕಾಲಿನ ಚಿಪ್ಪಿನ ಮೇಲೆ, ಒಳಬದಿಗೆ ಬೆರಳಿಟ್ಟು "ಇಲ್ಲಿ ಗಟ್ಟಿ ಮಾಡಿ" ಅಂತಾರೆ. ಬೆರಳಿನ ಕೆಳಗೆ ಸ್ನಾಯು ಒಮ್ಮೆ ಮಿಡಿದರೆ ಅವತ್ತಿನ ಕೆಲಸ ಆಯಿತು. (ವ್ಯಾಯಾಮ ಮುಗಿದ ಮೇಲೆ ಆ ಟವೆಲನ್ನೋ ದಿಂಬನ್ನೋ ಮಂಡಿ ಕೆಳಗೆ ಹಾಗೇ ಬಿಟ್ಟು ಮಲಗಬೇಡಿ. ಹಾಯಾಗಿರುತ್ತದೆ ನಿಜ, ಆದರೆ ಮಂಡಿ ಪೂರ್ತಿ ನೆಟ್ಟಗಾಗೋದು ನಿಂತುಹೋಗುತ್ತದೆ, ಆಮೇಲೆ ಕುಂಟು.)

ಫಿಸಿಯೋಥೆರಪಿ ಬರೀ ಮೂಳೆ, ಕೀಲಿನದ್ದೂ ಅಲ್ಲ. ಲಕ್ವ ಹೊಡೆದವರಿಗೆ ಅದೇ ಚಲನೆಯನ್ನು ಸಾವಿರಾರು ಸಲ ಮಾಡಿಸಿ ಮಿದುಳಿಗೆ ಹೊಸ ದಾರಿ ಕಲಿಸೋದು, ಐಸಿಯುನಲ್ಲಿ ಕಫ ಹೊರತೆಗೆಸೋದು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವವರಿಗೆ ದಮ್ಮು ಹೆಚ್ಚಿಸೋದು, ಹೃದಯಾಘಾತದ ನಂತರ ಎಷ್ಟು ನಡೆಯಬಹುದು ಅಂತ ಹಂತಹಂತವಾಗಿ ಧೈರ್ಯ ಕೊಡೋದು, ಎಲ್ಲವೂ ಇದರಲ್ಲೇ ಬರುತ್ತದೆ. ಮಗ್ಗುಲು ಬದಲಿಸಿದರೆ ಸಾಕು ತಲೆ ಗಿರ್ರನೆ ಸುತ್ತುವ ಒಂದು ತೊಂದರೆ ಇದೆ. ಒಳಕಿವಿಯಲ್ಲಿ ಸಣ್ಣ ಹರಳುಗಳು ಜಾಗ ತಪ್ಪಿ ಆಗುವಂಥದ್ದು. ಅದಕ್ಕೆ ಮಾತ್ರೆಗಿಂತ ಎಪ್ಲಿ ಎಂಬ ತಲೆ ತಿರುಗಿಸುವ ಕ್ರಮ ಎಷ್ಟೋ ಮೇಲು, ಕೆಲವೇ ನಿಮಿಷದ ಕೆಲಸ. ಕೆಮ್ಮಿದರೆ, ನಕ್ಕರೆ ಮೂತ್ರ ಸೋರುವ ತೊಂದರೆಗೂ ಮೊದಲು ಹೇಳುವ ಚಿಕಿತ್ಸೆ ಆಪರೇಷನ್ ಅಲ್ಲ, ಕನಿಷ್ಠ 3 ತಿಂಗಳು ಯಾರಾದರೂ ಸರಿಯಾಗಿ ಹೇಳಿಕೊಟ್ಟು ಮಾಡಿಸುವ ಶ್ರೋಣಿಯ (ಕೆಳಹೊಟ್ಟೆಯ ತಳದಲ್ಲಿ ಮೂತ್ರ ಹಿಡಿದಿಡುವ) ಸ್ನಾಯುಗಳ ವ್ಯಾಯಾಮ. ನಾಚಿಕೆಗೆ ಎಷ್ಟೋ ಹೆಂಗಸರು ಇದನ್ನು ಕೇಳೋದೇ ಇಲ್ಲ. ಕೇಳಿ.

ರೆಸ್ಟ್ ಮಾಡೋದಾ, ಓಡಾಡೋದಾ

ಕಾಲು ಉಳುಕಿದರೆ ರೆಸ್ಟ್, ಐಸ್, ಬ್ಯಾಂಡೇಜ್, ಕಾಲು ಎತ್ತಿ ಇಡೋದು. ಈ ಸೂತ್ರವನ್ನು 1978ರಲ್ಲಿ ಗೇಬ್ ಮರ್ಕಿನ್ ಎಂಬ ಅಮೆರಿಕದ ವೈದ್ಯ ಬರೆದರು, ಜಗತ್ತೆಲ್ಲ ಅದನ್ನೇ ಪಾಲಿಸಿತು. ಮುಂದೆ ಅವರೇ, ಐಸ್ ಮತ್ತು ಪೂರ್ತಿ ರೆಸ್ಟ್ ಎರಡೂ ವಾಸಿಯಾಗೋದನ್ನು ನಿಧಾನ ಮಾಡಬಹುದು ಅಂತ ತಿದ್ದಿಕೊಂಡರು. ಮೊದಲ ಒಂದೆರಡು ದಿನ ನೋವಿಗೆ ಐಸ್ ಇಟ್ಟುಕೊಳ್ಳೋದರಲ್ಲಿ ತಪ್ಪೇನಿಲ್ಲ. ತಪ್ಪಾಗೋದು ಎರಡು ವಾರ ಹಾಸಿಗೆ ಹಿಡಿದಾಗ.

ಸಾಮಾನ್ಯ ಸೊಂಟ ನೋವಿಗಂತೂ ಹಾಸಿಗೆ ಹಿಡಿಯೋದು ಈಗ ಯಾರೂ ಹೇಳದ ಸಲಹೆ. ನೋವಿದ್ದರೂ ಆದಷ್ಟು ಓಡಾಡಿಕೊಂಡು ಇದ್ದವರು ಬೇಗ ಸುಧಾರಿಸುತ್ತಾರೆ. ಸೊಂಟದಿಂದ ಕಾಲಿಗೆ ಎಳೆಯುವ ನೋವು, ಅಂದರೆ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ನರವನ್ನು ಒತ್ತಿ ಆಗುವ ನೋವು ಇದ್ದವರಲ್ಲೂ ಹೆಚ್ಚಿನವರಿಗೆ ವಾರಗಳಿಂದ ಮೂರು ತಿಂಗಳೊಳಗೆ ಕಮ್ಮಿಯಾಗುತ್ತದೆ. ಹೊರಬಂದ ಡಿಸ್ಕಿನ ಭಾಗವನ್ನು ದೇಹ ತಾನೇ ನಿಧಾನವಾಗಿ ಕರಗಿಸಿಕೊಳ್ಳುವುದೂ ಉಂಟು.

ಹಾಗಂತ "ಎಷ್ಟು ಬೇಗ, ಎಷ್ಟು ಜಾಸ್ತಿ ಮಾಡಿದರೆ ಅಷ್ಟು ಒಳ್ಳೇದು" ಅಂತಲೂ ಅಲ್ಲ. ಲಕ್ವ ಆದ 24 ಗಂಟೆಯೊಳಗೇ ರೋಗಿಯನ್ನು ಎಬ್ಬಿಸಿ, ಪದೇಪದೇ ಹಾಸಿಗೆಯಿಂದ ಇಳಿಸಿ ಓಡಾಡಿಸಿದರೆ ಹೇಗೆ ಅಂತ 2104 ರೋಗಿಗಳ ಮೇಲೆ ನಡೆದ ಅಧ್ಯಯನದ ಫಲ 2015ರಲ್ಲಿ ಹೊರಬಂತು. ಅಷ್ಟು ಜೋರಾಗಿ ಮಾಡಿಸಿದವರ ಫಲಿತಾಂಶ ಮಾಮೂಲಿ ಆರೈಕೆ ಪಡೆದವರಿಗಿಂತ ಸ್ವಲ್ಪ ಕಮ್ಮಿಯೇ ಇತ್ತು. ಹಾಗಾಗಿ ಮೊದಲ ದಿನ ಸ್ವಲ್ಪ ಸ್ವಲ್ಪವೇ, ಆಮೇಲೆ ಏರಿಸುತ್ತಾ ಹೋಗೋದು. ಮೊದಲ ಮೂರ್ನಾಲ್ಕು ತಿಂಗಳಲ್ಲಿ ಸುಧಾರಣೆ ಅತಿ ವೇಗವಾಗಿರುತ್ತದೆ. ಆ ಕಾಲವನ್ನು ಬೇರೆ ಬೇರೆ ಎಣ್ಣೆ ಹಚ್ಚಿ ನೋಡುತ್ತಾ ಕಳೆದರೆ ನಷ್ಟ ನಿಜವಾದ ನಷ್ಟವೇ. ಮುಂದಕ್ಕೆ ಹಾಕಿದರೆ ಏನು ಹೋಗುತ್ತೆ ಅನ್ನುವ ಪ್ರಶ್ನೆಗೆ ಇಲ್ಲಿ ಉತ್ತರ ಬಹಳ ದೊಡ್ಡದು.

ನೋವಿನ ಮಾತ್ರೆ

ಇದನ್ನು ಬೇಗ ಮುಗಿಸುತ್ತೀನಿ. ಮಾತ್ರೆಯೂ ವ್ಯಾಯಾಮವೂ ಎದುರಾಳಿಗಳಲ್ಲ. ನೋವಿನಿಂದ ಕಾಲು ಮಡಚೋಕೇ ಆಗದವರು ಅರ್ಧ ಗಂಟೆ ಮುಂಚೆ ಡಾಕ್ಟರ್ ಹೇಳಿದ ಮಾತ್ರೆ ತಗೊಂಡು ವ್ಯಾಯಾಮಕ್ಕೆ ಕೂತರೆ ಅದು ಜಾಣತನ. ಮಾತ್ರೆಯನ್ನೇ ನೆಚ್ಚಿಕೊಂಡು ತಿಂಗಳುಗಟ್ಟಲೆ ಹೋದರೆ ಹೊಟ್ಟೆ, ಮೂತ್ರಪಿಂಡ, ಬಿಪಿ ಮೂರಕ್ಕೂ ಏಟು, ಸ್ನಾಯುವಿಗಂತೂ ಏನೂ ಸಿಗಲ್ಲ.

ಇಂಜೆಕ್ಷನ್ ಜೊತೆ ಹೋಲಿಸಿದರೆ

ಇಲ್ಲಿ ಲೆಕ್ಕ ಸ್ವಾರಸ್ಯವಾಗಿದೆ. ಸ್ಟೀರಾಯ್ಡ್ ಇಂಜೆಕ್ಷನ್ ಬೇಗ ಕೆಲಸ ಮಾಡುತ್ತದೆ. ಒಂದು ವಾರದಲ್ಲಿ ನೋವು ಮಾಯ. ಫಿಸಿಯೋಗೆ ಹೋದ ಪಕ್ಕದವನು ಅಷ್ಟೊತ್ತಿಗೆ ಇನ್ನೂ ರಬ್ಬರ್ ಬ್ಯಾಂಡ್ ಎಳೀತಾ ಇರುತ್ತಾನೆ. ಆರು ವಾರಕ್ಕೆ ನೋಡಿದರೆ ಇಂಜೆಕ್ಷನ್ ಗೆದ್ದಂತೆಯೇ ಕಾಣುತ್ತದೆ. ಒಂದು ವರ್ಷಕ್ಕೆ ನೋಡಿದರೆ ಆಟ ಬದಲಾಗಿರುತ್ತದೆ.

ಮೊಣಕೈ ಹೊರಬದಿಯ ನೋವು, ಟೆನಿಸ್ ಎಲ್ಬೋ ಅಂತಾರಲ್ಲ, ಅದರ ಮೇಲೆ 165 ಜನರನ್ನಿಟ್ಟು ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ನೋವು ಮರುಕಳಿಸಿದ್ದು ಸ್ಟೀರಾಯ್ಡ್ ತಗೊಂಡವರಲ್ಲಿ ನೂರಕ್ಕೆ 54 ಜನಕ್ಕೆ, ಬರೀ ಉಪ್ಪುನೀರಿನ ಇಂಜೆಕ್ಷನ್ ತಗೊಂಡವರಲ್ಲಿ ನೂರಕ್ಕೆ 12 ಜನಕ್ಕೆ. ಅಂದರೆ ಈ ತೊಂದರೆಯಲ್ಲಿ ಬೇಗ ಸಿಕ್ಕ ಸುಖಕ್ಕೆ ಮುಂದೆ ಬಡ್ಡಿ ಕಟ್ಟಬೇಕಾಗುತ್ತದೆ. ಮಂಡಿ ಸವೆತಕ್ಕೆ 156 ಜನರ ಮೇಲೆ ನಡೆದ ಇನ್ನೊಂದು ಹೋಲಿಕೆ 2020ರಲ್ಲಿ ಬಂತು. ಒಂದು ವರ್ಷದ ಕೊನೆಗೆ ನೋವಿನಲ್ಲೂ ಓಡಾಟದಲ್ಲೂ ಫಿಸಿಯೋಥೆರಪಿ ಪಡೆದವರು ಇಂಜೆಕ್ಷನ್ ಪಡೆದವರಿಗಿಂತ ಚೆನ್ನಾಗಿದ್ದರು.

ಆದರೆ ಫ್ರೋಜನ್ ಶೋಲ್ಡರ್ ಅಂದರೆ ಲೆಕ್ಕ ಬೇರೆ. ಭುಜ ಮೊದಲು ರಾತ್ರಿಯೆಲ್ಲ ನಿದ್ದೆ ಕೆಡಿಸುವಷ್ಟು ನೋಯುತ್ತದೆ, ಆಮೇಲೆ ಬಿಗಿದುಕೊಳ್ಳುತ್ತದೆ, ತಿಂಗಳುಗಳಾದ ಮೇಲೆ ನಿಧಾನವಾಗಿ ಬಿಡುತ್ತದೆ. ಒಂದರಿಂದ ಮೂರು ವರ್ಷ ಎಳೆಯಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಇದು ಬರೋದು ಜಾಸ್ತಿ. ಮೊದಲ ಹಂತದಲ್ಲಿ, ನೋವೇ ಮುಖ್ಯವಾಗಿರುವಾಗ, ಬಲವಂತವಾಗಿ ಕೈ ಎಳೆದರೆ ನೋವು ಕೆರಳುತ್ತದೆ ಅಷ್ಟೆ. ಆಗ ಕೀಲಿನೊಳಗೆ ಒಂದು ಇಂಜೆಕ್ಷನ್, ಅದರ ಹಿಂದೆಯೇ ಮೆದು ವ್ಯಾಯಾಮ, ಎರಡೂ ಸೇರಿದರೆ ಒಂದೊಂದಕ್ಕಿಂತ ಒಳ್ಳೇದು. ಸಕ್ಕರೆ ಇರುವವರು ಇಂಜೆಕ್ಷನ್ ಆದ ಕೆಲವು ದಿನ ಸಕ್ಕರೆ ಏರುತ್ತದೆ ಅನ್ನೋದನ್ನು ಮೊದಲೇ ಕೇಳಿ ತಿಳ್ಕೊಂಡಿರಬೇಕು.

ಆಪರೇಷನ್ ಜೊತೆ ಹೋಲಿಸಿದರೆ

ಜನಕ್ಕೆ ಇರುವ ಭಯ ಒಂದೇ: "ಈಗ ಆಪರೇಷನ್ ಮಾಡಿಸದೆ ಫಿಸಿಯೋ ಅಂತ ಕೂತರೆ ಆಮೇಲೆ ಕೈಮೀರುತ್ತಾ?" ಬಹಳಷ್ಟು ಮಂಡಿ, ಭುಜ, ಸೊಂಟದ ತೊಂದರೆಗಳಲ್ಲಿ ಉತ್ತರ, ಇಲ್ಲ.

ಆಟವಾಡುವಾಗ ಮಂಡಿ ತಿರುಚಿ ಎಸಿಎಲ್ (ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಪಟ್ಟಿ) ಹರಿದುಕೊಂಡ ಹುಡುಗರ ಕಥೆ ನೋಡಿ. ಸ್ವೀಡನ್ನಿನಲ್ಲಿ 121 ಯುವಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬೇಗನೆ ಆಪರೇಷನ್, ಜೊತೆಗೆ ಫಿಸಿಯೋ. ಇನ್ನೊಂದು ಗುಂಪಿಗೆ ಮೊದಲು ಫಿಸಿಯೋ, ಬೇಕೆನಿಸಿದರೆ ಮಾತ್ರ ಆಮೇಲೆ ಆಪರೇಷನ್. 2010ರಲ್ಲಿ ಬಂದ ಎರಡು ವರ್ಷದ ಫಲಿತಾಂಶದಲ್ಲಿ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಎರಡನೇ ಗುಂಪಿನ 59 ಜನರಲ್ಲಿ ಅಷ್ಟೊತ್ತಿಗೆ ಆಪರೇಷನ್ ಮಾಡಿಸಿಕೊಂಡಿದ್ದು 23 ಜನ. ಉಳಿದವರಿಗೆ ಅದು ಬೇಕಾಗಿರಲಿಲ್ಲ. ಇದನ್ನು ಓದಿ "ಎಸಿಎಲ್‌ಗೆ ಆಪರೇಷನ್ನೇ ಬೇಡ" ಅಂತ ಹೊರಡಬೇಡಿ. ಓಡ್ತಾ ಓಡ್ತಾ ಗಕ್ಕನೆ ದಿಕ್ಕು ಬದಲಿಸುವ ಆಟಗಳಿಗೆ ಮರಳಬೇಕು ಅನ್ನುವವರಿಗೆ, ವ್ಯಾಯಾಮ ಮಾಡಿಯೂ ಮಂಡಿ ಪದೇಪದೇ ಜಾರುವವರಿಗೆ ಆಪರೇಷನ್ನೇ ಸರಿ. ಮಾಡಿಸಿದರೂ ಆಟಕ್ಕೆ ಮರಳೋಕೆ ಕನಿಷ್ಠ 9 ತಿಂಗಳು, ಆ 9 ತಿಂಗಳೂ ಫಿಸಿಯೋನೇ. ಆಪರೇಷನ್ ಆರಿಸಿದವರು ಫಿಸಿಯೋ ತಪ್ಪಿಸಿಕೊಂಡ ಹಾಗಲ್ಲ.

ನಡುವಯಸ್ಸಿನವರ ಮಂಡಿಯಲ್ಲಿ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಹರಿದಿದೆ ಅಂತ ಸ್ಕ್ಯಾನಿನಲ್ಲಿ ಬಂದರೆ, ಕೀಹೋಲ್ ಅಂದರೆ ಸಣ್ಣ ತೂತಿನ ಮೂಲಕ ಅದನ್ನು ಕತ್ತರಿಸಿ ಸರಿಮಾಡುವುದು ದಶಕಗಳ ರೂಢಿ. ಫಿನ್‌ಲೆಂಡಿನಲ್ಲಿ ಇಂಥ 146 ಜನರಲ್ಲಿ, ಸವೆತ ಶುರುವಾಗಿರದವರಲ್ಲೇ, ಅರ್ಧ ಜನಕ್ಕೆ ನಿಜವಾದ ಆಪರೇಷನ್, ಇನ್ನರ್ಧಕ್ಕೆ ಬರೀ ತೋರಿಕೆಯ ಆಪರೇಷನ್ ಮಾಡಿದರು. ಯಾರಿಗೆ ಯಾವುದು ಅಂತ ರೋಗಿಗಳಿಗೂ ಗೊತ್ತಿರಲಿಲ್ಲ. 2013ರಲ್ಲಿ ಬಂದ ಒಂದು ವರ್ಷದ ಫಲಿತಾಂಶ: ವ್ಯತ್ಯಾಸ ಇಲ್ಲ. ಅದೇ ವರ್ಷ ಅಮೆರಿಕದಲ್ಲಿ 351 ಜನರ ಮೇಲೆ, ಇವರಿಗೆ ಸವೆತವೂ ಇತ್ತು, ಆಪರೇಷನ್ ಮತ್ತು ಫಿಸಿಯೋಥೆರಪಿಯನ್ನು ಹೋಲಿಸಿದಾಗಲೂ ಆರು ತಿಂಗಳಿಗೆ ಎರಡೂ ಸರಿಸುಮಾರು ಸಮವೇ. ಆದರೆ ಒಂದು ಮಾತು ಮುಚ್ಚಿಡಬಾರದು: ಫಿಸಿಯೋ ಗುಂಪಿನ ನೂರಕ್ಕೆ 30 ಜನ ಆ ಆರು ತಿಂಗಳಲ್ಲೇ ಸಾಕಪ್ಪಾ ಅಂತ ಆಪರೇಷನ್‌ಗೆ ಹೋದರು. ಹಾಗೆ ಹೋದವರೂ ಕೊನೆಗೆ ಚೆನ್ನಾಗೇ ಆದರು. ತಡ ಮಾಡಿದ್ದಕ್ಕೆ ದಂಡ ಬೀಳಲಿಲ್ಲ ಅಂತ ನಾನು ಇದನ್ನು ಓದಿಕೊಳ್ಳುತ್ತೀನಿ.

ಈಗ ಎದುರು ಪಟ್ಟಿ. ಇವುಗಳಲ್ಲಿ ಫಿಸಿಯೋ, ವ್ಯಾಯಾಮ ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆ:

ಸೊಂಟ ನೋವಿನ ಜೊತೆ ಮೂತ್ರ ಕಟ್ಟಿಕೊಂಡರೆ ಅಥವಾ ಹಿಡಿತ ತಪ್ಪಿದರೆ, ಕೂರುವ ಭಾಗ ಮತ್ತು ತೊಡೆ ಸಂದಿಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ, ಎರಡೂ ಕಾಲು ಸೋತರೆ. ಇದು ಗಂಟೆಗಳ ಲೆಕ್ಕ. ಪಾದ ಎತ್ತೋಕಾಗದೆ ನೆಲಕ್ಕೆ ಒರೆಸಿಕೊಂಡು ಹೋಗ್ತಾ ಇದ್ದು, ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದ್ದರೆ. ಕೀಲು ಕೆಂಪಾಗಿ ಬಿಸಿಯಾಗಿ ಊದಿಕೊಂಡು ಜ್ವರ ಬಂದಿದ್ದರೆ. ಏಟು ಬಿದ್ದ ಮೇಲೆ ಮಂಡಿ ನೆಟ್ಟಗೆ ಎತ್ತೋಕೇ ಆಗದಿದ್ದರೆ ಅಥವಾ ಮಡಚಿದ ಜಾಗದಲ್ಲೇ ಸಿಕ್ಕಿಹಾಕಿಕೊಂಡಿದ್ದರೆ. ಕಾಲಿನ ಹಿಂಭಾಗದ ಸ್ನಾಯುಖಂಡ ಒಂದೇ ಕಾಲಲ್ಲಿ ಊದಿ ನೋಯುತ್ತಿದ್ದರೆ, ಅದರಲ್ಲೂ ಆಪರೇಷನ್ ಆದ ಮೇಲೆ, ಅದನ್ನು ತಿಕ್ಕಿಸಬೇಡಿ. ರಕ್ತ ಹೆಪ್ಪುಗಟ್ಟಿರಬಹುದು. ಕ್ಯಾನ್ಸರ್ ಆಗಿ ವಾಸಿಯಾದವರಿಗೆ ಹೊಸದಾಗಿ ರಾತ್ರಿ ಹೊತ್ತು ಬೆನ್ನುಮೂಳೆ ನೋಯತೊಡಗಿದರೂ ಮೊದಲು ಡಾಕ್ಟರು, ಆಮೇಲೆ ಫಿಸಿಯೋ.

ಮಂಡಿ, ತೊಡೆಸಂದು ಪೂರ್ತಿ ಸವೆದು, ವ್ಯಾಯಾಮ ಮಾಡಿಯೂ ನಿದ್ದೆ ಇಲ್ಲದಂತಾಗಿ, ನಡಿಗೆ ಮನೆಯೊಳಗಷ್ಟೇ ಉಳಿದವರು ಕೀಲು ಬದಲಾವಣೆಯನ್ನು ಸುಮ್ಮನೆ ವರ್ಷಗಟ್ಟಲೆ ತಳ್ಳಬೇಕಾಗಿಲ್ಲ. ಅಲ್ಲಿ ಆಪರೇಷನ್ ಗೆಲ್ಲುತ್ತದೆ.

ಇನ್ನು ಸ್ಕ್ಯಾನ್ ಬಗ್ಗೆ ಒಂದು ಮಾತು. ರಿಪೋರ್ಟಿನಲ್ಲಿ "ಡಿಸ್ಕ್ ಬಲ್ಜ್", ಅಂದರೆ ಡಿಸ್ಕ್ ಉಬ್ಬಿದೆ ಅಂತ ನೋಡಿ ಹೆದರಿ ಆಪರೇಷನ್ ಕಡೆ ಓಡುವವರು ಬಹಳ. ನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಒಟ್ಟುಮಾಡಿ 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 20ರ ವಯಸ್ಸಿನಲ್ಲೇ ನೂರಕ್ಕೆ 30 ಜನಕ್ಕೆ ಡಿಸ್ಕ್ ಬಲ್ಜ್ ಇರುತ್ತದೆ, 80ರ ವಯಸ್ಸಿಗೆ ನೂರಕ್ಕೆ 84. ಯಾರಿಗೂ ನೋವಿಲ್ಲ! ರಿಪೋರ್ಟಿಗೂ ನಿಮ್ಮ ನೋವಿಗೂ ತಾಳೆ ಇದೆಯಾ ಅಂತ ನೋಡುವವರ ಮಾತು ಕೇಳಿ, ರಿಪೋರ್ಟಿನದ್ದೇ ಅಲ್ಲ.

ಮಸಾಜ್, ಲಟಕ್ ಅನ್ನಿಸುವವರು, ಜಿಮ್ ಟ್ರೈನರ್, ವಿಡಿಯೊ

ಮಸಾಜಿಗೂ ಫಿಸಿಯೋಗೂ ಹಳೇ ನಂಟು. ಬ್ರಿಟನ್ನಿನ ಫಿಸಿಯೋಥೆರಪಿಸ್ಟ್‌ಗಳ ಸಂಘ ಶುರುವಾಗಿದ್ದೇ 1894ರಲ್ಲಿ, ನಾಲ್ವರು ನರ್ಸ್‌ಗಳು ಕಟ್ಟಿದ ಮಸಾಜ್ ಮಾಡುವವರ ಸಂಘವಾಗಿ. ಮಸಾಜ್ ಮಾಡಿಸಿಕೊಂಡರೆ ಹಾಯೆನಿಸುತ್ತದೆ, ಬಿಗಿ ಸಡಿಲವಾಗುತ್ತದೆ, ಒಂದೆರಡು ದಿನ. ಅದರಿಂದ ಸ್ನಾಯುವಿಗೆ ಬಲ ಬರಲ್ಲ. ವ್ಯಾಯಾಮಕ್ಕೆ ಮೈ ಸಜ್ಜು ಮಾಡೋಕೆ ಒಳ್ಳೇದು, ಅದರ ಬದಲಿಗಲ್ಲ.

ಕತ್ತನ್ನು ಗಕ್ಕನೆ ತಿರುಗಿಸಿ ಲಟಕ್ ಅನ್ನಿಸುವ ವಿಷಯದಲ್ಲಿ ನಾನು ಸ್ವಲ್ಪ ಹಿಂಜರಿಯುವವನೇ. ಸೊಂಟಕ್ಕೆ ತರಬೇತಿ ಪಡೆದವರು ಮಾಡಿದರೆ ಕೆಲವರಿಗೆ ಆರಾಮ ಸಿಗುತ್ತದೆ. ಕತ್ತಿನಲ್ಲಿ ಮಾತ್ರ, ಅಪರೂಪಕ್ಕಾದರೂ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಲಕ್ವ ಆದ ಉದಾಹರಣೆಗಳಿವೆ. ಮೂಳೆ ಸವಕಳಿ ಇರುವ ವಯಸ್ಸಾದವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಇದರಿಂದ ದೂರವೇ ಇರಲಿ. ವಿಡಿಯೊದಲ್ಲಿ ಆ ಸದ್ದು ಕೇಳೋಕೆ ಚೆಂದ ಇರುತ್ತದೆ, ಆದರೆ ಸದ್ದು ಬಂತು ಅಂದರೆ ಮೂಳೆ "ಜಾಗಕ್ಕೆ ಕೂತಿತು" ಅಂತಲ್ಲ. ಕೀಲಿನ ದ್ರವದಲ್ಲಿ ಗಾಳಿಗುಳ್ಳೆ ಆಗುವ ಸದ್ದು ಅದು.

ಜಿಮ್ ಟ್ರೈನರ್ ಫಿಸಿಯೋಗೆ ಪರ್ಯಾಯ ಅಲ್ಲ, ಮುಂದಿನ ಹಂತ. ನೋವು ಕಮ್ಮಿಯಾಗಿ, ಏನು ಮಾಡಬಾರದು ಅಂತ ಫಿಸಿಯೋ ಬರೆದುಕೊಟ್ಟ ಮೇಲೆ ಟ್ರೈನರ್ ಹತ್ತಿರ ಹೋದರೆ ಬಲ ಬೆಳೆಸೋಕೆ ಅನುಕೂಲ. ವಿಡಿಯೊ ನೋಡಿ ಮಾಡೋದು ಸಾಮಾನ್ಯ ಸೊಂಟ ನೋವಿಗೆ, ಮಂಡಿ ಸವೆತಕ್ಕೆ ನಡೆಯುತ್ತದೆ. ಆಪರೇಷನ್ ಆದವರಿಗೆ, ಕೈಕಾಲು ಜೋಮು ಹಿಡಿಯುವವರಿಗೆ ನಡೆಯಲ್ಲ.

ಫಿಸಿಯೋದೊಳಗೇ ಇರುವ ಆಯ್ಕೆಗಳು

ಮೊದಲನೆಯದು, ಮಷಿನ್ನಾ ವ್ಯಾಯಾಮನಾ. ಟೆನ್ಸ್, ಐಎಫ್‌ಟಿ ಅಂತ ಕರೆಂಟ್ ಕೊಡುವ ಮಷಿನ್‌ಗಳು ಹಾಕಿರುವಷ್ಟು ಹೊತ್ತು, ತೆಗೆದ ಮೇಲೂ ಸ್ವಲ್ಪ ಹೊತ್ತು ನೋವು ಕಮ್ಮಿ ಮಾಡಬಹುದು. ಜೆಲ್ ಹಚ್ಚಿ ತಿರುಗಿಸುವ ಅಲ್ಟ್ರಾಸೌಂಡಿಗೆ ಸೊಂಟ ನೋವಿನಲ್ಲಂತೂ ಗಟ್ಟಿ ಪುರಾವೆ ಇಲ್ಲ. ಎಲ್ಲ ಮಷಿನ್ನೂ ದಂಡ ಅಂತಲ್ಲ: ಆಪರೇಷನ್ ಆದ ಮಂಡಿಯಲ್ಲಿ ತೊಡೆಯ ಸ್ನಾಯು ಎಚ್ಚರಗೊಳ್ಳದಿದ್ದರೆ ಕರೆಂಟಿನಿಂದ ಅದನ್ನು ಕುಗ್ಗಿಸಿ ಜೊತೆಗೇ ರೋಗಿಯಿಂದಲೂ ಬಿಗಿಮಾಡಿಸುವುದು ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆದರೆ ಹತ್ತು ದಿನ ಹೋಗಿ ಹತ್ತೂ ದಿನ ನೀವು ಮಲಗಿದ್ದು, ಕೆಲಸವೆಲ್ಲ ಮಷಿನ್ ಮಾಡಿದ್ದರೆ, ನೀವು ಫಿಸಿಯೋಥೆರಪಿಯನ್ನು ಇನ್ನೂ ಮಾಡಿ ನೋಡಿಲ್ಲ ಅಂತಲೇ ಅರ್ಥ. "ಫಿಸಿಯೋ ಮಾಡಿಸಿದೆ, ಪ್ರಯೋಜನ ಆಗಲಿಲ್ಲ" ಅನ್ನುವವರನ್ನು ಏನು ಮಾಡಿಸಿದರು ಅಂತ ಕೇಳಿ ನೋಡಿ. ಮುಕ್ಕಾಲುಪಾಲು ಇದೇ ಉತ್ತರ.

ಎರಡನೆಯದು ಜಾಗ. ಕ್ಲಿನಿಕ್ಕಿಗೆ ಹೋದರೆ ಸಲಕರಣೆ ಇರುತ್ತದೆ, ತೂಕ, ಸೈಕಲ್, ಕಂಬಿ, ಮೆಟ್ಟಿಲು. ಬೇರೆ ರೋಗಿಗಳನ್ನು ನೋಡಿ ಹುರುಪೂ ಬರುತ್ತದೆ. ಮನೆಗೆ ಬರುವ ಫಿಸಿಯೋ ಲಕ್ವ ಆದವರಿಗೆ, ತೊಡೆಮೂಳೆ ಮುರಿದ ವಯಸ್ಸಾದವರಿಗೆ ತುಂಬಾ ಒಳ್ಳೆಯ ಆಯ್ಕೆ, ಯಾಕೆಂದರೆ ಅವರು ಏಳಬೇಕಾದದ್ದು ಆ ಮಂಚದಿಂದಲೇ, ಹೋಗಬೇಕಾದದ್ದು ಆ ಬಾತ್‌ರೂಮಿಗೇ. ಹೊಸ್ತಿಲು ಎಷ್ಟು ಎತ್ತರ, ಹಿಡಿ ಎಲ್ಲಿ ಹಾಕಬೇಕು ಅಂತ ಕಣ್ಣಾರೆ ನೋಡಿ ಹೇಳುತ್ತಾರೆ. ವಿಡಿಯೊ ಕಾಲ್ ಮೂಲಕ ಮಾಡಿಸುವುದನ್ನು ನಾನು ಮೊದಲು ಅಷ್ಟಾಗಿ ನಂಬಿರಲಿಲ್ಲ. ಆದರೆ ಮಂಡಿ ಬದಲಾವಣೆ ಆದ 205 ಜನರ ಮೇಲೆ ಕೆನಡಾದಲ್ಲಿ ಮಾಡಿದ, 2015ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ ವಿಡಿಯೊ ಗುಂಪು ಮನೆಗೇ ಫಿಸಿಯೋ ಬಂದ ಗುಂಪಿಗಿಂತ ಹಿಂದೆ ಬೀಳಲಿಲ್ಲ. ಮೊದಲ ಪರೀಕ್ಷೆ ಎದುರಾಬದುರು, ಆಮೇಲಿನ ಕೆಲವು ಭೇಟಿ ವಿಡಿಯೊದಲ್ಲಿ ಅಂದರೆ ದೂರದಲ್ಲಿರುವವರಿಗೆ ಸಲೀಸು. ಸಮತೋಲ ತಪ್ಪಿ ಬೀಳುವವರಿಗೆ ಮಾತ್ರ ಬೇಡ, ಬಿದ್ದರೆ ಹಿಡಿಯೋಕೆ ಪರದೆಯಿಂದ ಕೈ ಬರಲ್ಲ.

ಮೂರನೆಯದು ವ್ಯಕ್ತಿ. ಓದಿ, ನೋಂದಣಿ ಮಾಡಿಸಿಕೊಂಡವರಾ ಅಂತ ಕೇಳೋಕೆ ಸಂಕೋಚ ಬೇಡ. ಅದಕ್ಕಿಂತ ಜಾಸ್ತಿ ಹೇಳೋದು ಮೊದಲ ದಿನವೇ. ಬಟ್ಟೆ ಸರಿಸಿ ಎರಡೂ ಕಡೆ ಹೋಲಿಸಿ ನೋಡಿದರಾ, ಅಳೆದು ಬರೆದುಕೊಂಡರಾ, "ನಿಮಗೆ ಏನು ಮಾಡೋಕೆ ಆಗಬೇಕು" ಅಂತ ಕೇಳಿದರಾ, ಮನೆಯಲ್ಲಿ ಮಾಡೋಕೆ ಎರಡು ಮೂರು ವ್ಯಾಯಾಮ ಕೊಟ್ಟರಾ. ಹದಿನೈದು ವ್ಯಾಯಾಮದ ಹಾಳೆ ಕೈಗಿಟ್ಟರೆ ಯಾರೂ ಮಾಡಲ್ಲ, ಅದು ಅವರಿಗೂ ಗೊತ್ತಿರುತ್ತದೆ. ಇನ್ನೂ ಪರೀಕ್ಷೆ ಮಾಡುವ ಮುಂಚೆಯೇ 30 ದಿನದ ಪ್ಯಾಕೇಜಿಗೆ ದುಡ್ಡು ಕಟ್ಟಿ ಅನ್ನುವವರ ಹತ್ತಿರ ನಾನಂತೂ ನಿಲ್ಲಲ್ಲ. ಎಲ್ಲ ರೋಗಿಗೂ ಅದೇ ಬಿಸಿ ಪ್ಯಾಕು, ಅದೇ ಕರೆಂಟು, ಅದೇ ಹತ್ತು ನಿಮಿಷ ನಡೆಯುತ್ತಿದ್ದರೆ ಅಲ್ಲೂ ಅಷ್ಟೇ.

ಎಷ್ಟು ನೋವು ಸಹಿಸಬೇಕು, ಎಷ್ಟು ದಿನ ಕಾಯಬೇಕು

ನೋವನ್ನು ಸೊನ್ನೆಯಿಂದ ಹತ್ತರವರೆಗೆ ಎಣಿಸಿ. ವ್ಯಾಯಾಮ ಮಾಡುವಾಗ ಮೂರು ನಾಲ್ಕರವರೆಗೆ ಬಂದು, ನಿಲ್ಲಿಸಿದ ಮೇಲೆ ಇಳಿದು, ಮರುದಿನ ಬೆಳಗ್ಗೆಗೆ ಮೊದಲಿನಷ್ಟೇ ಆದರೆ ಪರವಾಗಿಲ್ಲ, ಮುಂದುವರಿಸಿ. 24 ಗಂಟೆ ಆದರೂ ನೋವು, ಊತ ಜಾಸ್ತಿಯೇ ಇದ್ದರೆ ಭಾರ ಕಮ್ಮಿ ಮಾಡಿ, ಬಿಟ್ಟುಬಿಡಬೇಡಿ. ಹೊಸ ವ್ಯಾಯಾಮ ಶುರು ಮಾಡಿದ ಒಂದೆರಡು ದಿನದ ಮೇಲೆ ಸ್ನಾಯು ಮೈಕೈ ನೋವಿನ ಹಾಗೆ ಹಿಡಿದುಕೊಳ್ಳೋದು ಬೇರೆ, ಅದು ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನೊಳಗೆ ಚುಚ್ಚುವ ನೋವು ಬೇರೆ. ರೋಗಿಯ ಕಣ್ಣಲ್ಲಿ ನೀರು ಬರುವ ಹಾಗೆ ಕಾಲು ಮಡಚಿದರೆ ಮಾತ್ರ ಒಳ್ಳೆ ಫಿಸಿಯೋ ಅನ್ನೋ ನಂಬಿಕೆ ಇನ್ನೂ ಇದೆ. ಹಾಗೆ ಮಾಡಿದರೆ ಊತ ಜಾಸ್ತಿಯಾಗಿ ಮರುದಿನ ಇನ್ನೂ ಹತ್ತು ಡಿಗ್ರಿ ಕಮ್ಮಿ ಮಡಚುತ್ತದೆ.

ಕಾಯುವ ಲೆಕ್ಕ ಅಂಗಾಂಗಕ್ಕೆ ತಕ್ಕಂತೆ. ಕೈಮೂಳೆ ಮುರಿದರೆ ಕೂಡೋಕೆ ಸುಮಾರು 6ರಿಂದ 8 ವಾರ, ಕಾಲಿನ ದೊಡ್ಡ ಮೂಳೆಗೆ 12 ವಾರದ ಆಸುಪಾಸು. ಸ್ನಾಯುವಿನಲ್ಲಿ ಕಣ್ಣಿಗೆ ಕಾಣುವಷ್ಟು ಬಲ ಬರೋಕೆ 6ರಿಂದ 8 ವಾರ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯುವವರಿಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ನಿಧಾನವಾಗಿ ಇಳಿಸುವ ವ್ಯಾಯಾಮ ಇದೆ, 15ರಂತೆ ಮೂರು ಸರದಿ, ದಿನಕ್ಕೆರಡು ಸಲ, 12 ವಾರ. ಮೂರನೇ ವಾರಕ್ಕೆ ಬೇಜಾರಾಗಿ ಬಿಟ್ಟವರೇ ಜಾಸ್ತಿ.

ಹಾಗಾಗಿ ಶುರು ಮಾಡುವ ದಿನ ಮೂರು ವಿಷಯ ಬರೆದಿಟ್ಟುಕೊಳ್ಳಿ: ಕೀಲು ಎಷ್ಟು ಡಿಗ್ರಿ ಮಡಚುತ್ತದೆ, ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಏಳಬಲ್ಲಿರಿ, ನಿಲ್ಲದೆ ಎಷ್ಟು ನಿಮಿಷ ನಡೆಯಬಲ್ಲಿರಿ. ಭುಜದ ತೊಂದರೆಯಾದರೆ ಕೈ ಗೋಡೆ ಮೇಲೆ ಎಲ್ಲಿಯವರೆಗೆ ಹೋಗುತ್ತೆ ಅಂತ ಪೆನ್ಸಿಲ್ ಗುರುತು ಹಾಕಿ. ಎರಡು ವಾರಕ್ಕೊಮ್ಮೆ ಮತ್ತೆ ಅಳೆಯಿರಿ. ನೋವು ಏರುಪೇರಾಗುತ್ತಲೇ ಇರುತ್ತದೆ, ನಿದ್ದೆ ಕೆಟ್ಟರೂ ಏರುತ್ತದೆ, ಅಳತೆ ಅಷ್ಟು ಸುಲಭಕ್ಕೆ ಮೋಸ ಮಾಡಲ್ಲ. ಆರು ವಾರ ಬಿಡದೆ ಮಾಡಿಯೂ ಒಂದೂ ಅಳತೆ ಮೇಲೇರದಿದ್ದರೆ ಅದೇ ಚೀಟಿ ಹಿಡಿದು ಅದೇ ಕ್ಲಿನಿಕ್ಕಿಗೆ ಹೋಗುತ್ತಾ ಇರಬೇಡಿ. ಮೊದಲು ಫಿಸಿಯೋಗೆ ತೋರಿಸಿ ವ್ಯಾಯಾಮ ಬದಲಿಸಲು ಹೇಳಿ. ಬದಲಿಸಿ ಮತ್ತೆ ಆರು ವಾರ ಆದರೂ ಹಾಗೇ ಇದ್ದರೆ ಆ ಅಳತೆಗಳ ಹಾಳೆ ತಗೊಂಡು ಡಾಕ್ಟರ ಹತ್ತಿರ ಹೋಗಿ, ಇಂಜೆಕ್ಷನ್ ಅಥವಾ ಆಪರೇಷನ್ ಮಾತು ಅಲ್ಲಿಂದ ಶುರುವಾಗಲಿ.